ಮೀನಿಗೆ ಬಿಸಿನೀರು

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಆದ್ದರಿಂದ ಈ ಬರಹದಲ್ಲಿ ತಪ್ಪುಗಳು ಉಳಿದಿದ್ದರೆ ಅವನ್ನು ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ; ಓದುವವರು ಮನ್ನಿಸಬೇಕು. ಯಂತ್ರಗಳ ವಿಷಯವನ್ನು ನಾನು ಕಲಿತವಳಲ್ಲ. ಅಪ್ಪ ಮಾಡಿದ್ದರಲ್ಲಿ ಕಣ್ಣಿಗೆ ಕಂಡಷ್ಟನ್ನು, ಕಿವಿಗೆ ಬಿದ್ದಷ್ಟನ್ನು ಮಾತ್ರ ಹೇಳಬಲ್ಲೆ. ಅದೂ ಪೂರ್ಣವಾಗಿರಲಾರದು.

ಅಪ್ಪ ಯಾವುದನ್ನೇ ಆಗಲಿ ಮೊದಲು ಅಂಗೈಯಿಂದ ಮುಟ್ಟುತ್ತಿದ್ದರು, ಆಮೇಲೆ ಮಾತನಾಡುತ್ತಿದ್ದರು. ಗೋಡೆ, ಎತ್ತಿನ ಬೆನ್ನು, ನೀರಿನ ಕೊಡ, ಜ್ವರ ಬಂದಾಗ ನನ್ನ ಹಣೆ, ಎಲ್ಲಕ್ಕೂ ಅದೇ ಅಂಗೈ. ಮುಟ್ಟಿ, ಕ್ಷಣಕಾಲ ಕಣ್ಣು ಮುಚ್ಚಿ, ‘ಸಾಕು’ ಎಂದೋ ‘ಇನ್ನೂ ಬೇಕು’ ಎಂದೋ ತೀರ್ಪು ಕೊಡುತ್ತಿದ್ದರು. ಹುಬ್ಬಳ್ಳಿಯ ಒಂದು ವಿದ್ಯಾರ್ಥಿನಿಲಯದಲ್ಲಿ ಸ್ನಾನದ ನೀರು ಕಾಯಿಸುವ ಕೆಲಸದಲ್ಲಿಯೇ ಅವರ ವಯಸ್ಸು ಕಳೆದಿತ್ತು. ಅಲ್ಲಿನ ದೊಡ್ಡ ತಾಮ್ರದ ಬಂಬಿಗೆ ಬೆಳಗಿನ ಜಾವ ಕಟ್ಟಿಗೆ ಒಟ್ಟುವುದು, ಹುಡುಗರು ಏಳುವ ಹೊತ್ತಿಗೆ ನೀರನ್ನು ಹದಕ್ಕೆ ತರುವುದು. ಹುಡುಗರು ಅವರನ್ನು ‘ಬಂಬಿನ ನಿಂಗಪ್ಪ’ ಎಂದೇ ಕರೆಯುತ್ತಿದ್ದರು. ವಾರಕ್ಕೊಮ್ಮೆ ನಮ್ಮೂರು ಯರಗುಪ್ಪಿಗೆ ಬರುವಾಗ ಅವರ ಅಂಗಿಯಿಂದ ಹೊಗೆಯ ವಾಸನೆ ಬರುತ್ತಿತ್ತು. ಕಟ್ಟೆಯ ಮೇಲೆ ಕುಸಿದು ಕೂತು, “ತಡೀರಿ, ಮೊದಲ ನನ್ನ ದಣಿವಾ ಕೂಡ್ಲಿ, ಆಮ್ಯಾಲ ನಾನು ಕೂಡ್ತೀನಿ” ಎನ್ನುತ್ತಿದ್ದರು. ಅವರನ್ನು ದಣಿಯದೆ ಕಂಡ ನೆನಪು ನನಗಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಎಲ್ಲರದೂ ತಣ್ಣೀರಿನ ಸ್ನಾನ. ಎರೆಭೂಮಿಯ ಊರು, ಗಿಡಮರಗಳಿಲ್ಲ. ಹತ್ತಿಕಟ್ಟಿಗೆ ಅಡುಗೆಯ ಒಲೆಗೇ ಸಾಲದು. ಹಬ್ಬದ ದಿನ ಬಿಟ್ಟರೆ ಹಂಡೆಯ ಕೆಳಗೆ ಬೆಂಕಿ ಬಿದ್ದದ್ದಿಲ್ಲ. ಅವ್ವ ಇದನ್ನು ಆಗಾಗ ಎತ್ತಿ ಆಡುತ್ತಿದ್ದಳು.

ಕೆಲವು ವರ್ಷಗಳ ನಂತರ ವಿದ್ಯಾರ್ಥಿನಿಲಯದ ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಗಾಜಿನ ಹಲಗೆಗಳು ಬಂದವು. ಬಂಬು ಮೂಲೆ ಸೇರಿತು. ಅಪ್ಪನಿಗೆ ಗಾಜು ಒರೆಸುವ ಕೆಲಸ ಸಿಕ್ಕಿತು. ಆದರೆ ಅಲ್ಲಿನ ಬೋರಿನ ನೀರು ಸವಳು. ಹಲಗೆಯೊಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಂಡು ನೀರು ಹರಿಯುವುದು ನಿಂತಿತು. ಕೊನೆಗೆ ವಿದ್ಯುತ್ ಹೀಟರುಗಳನ್ನು ತಂದರು. ಹಲಗೆಗಳನ್ನೂ ಅಪ್ಪನನ್ನೂ ಒಟ್ಟಿಗೇ ಮಾಳಿಗೆಯಿಂದ ಇಳಿಸಿದರು. ಹಲಗೆಗಳು ಹಿತ್ತಲಿನ ಕಸದಲ್ಲಿ ಬಿದ್ದವು. ಅಪ್ಪ ಊರಿಗೆ ಬಂದರು.

ಬಂದವರು ಹೆಚ್ಚು ದಿನ ಸುಮ್ಮನೆ ಕೂಡಲಿಲ್ಲ. ವಿದ್ಯಾರ್ಥಿನಿಲಯದ ತೋಟದಲ್ಲಿ ಮೀನಿನ ಕೊಳವೊಂದಿತ್ತಂತೆ. ಅದರ ಹಳೆಯ ನೀರು ಹಾಕಿದ ಗುಲಾಬಿಗಳು ಬೇರೆಯವಕ್ಕಿಂತ ಸೊಂಪಾಗಿ ಬೆಳೆಯುತ್ತಿದ್ದುದನ್ನು ಅಪ್ಪ ನೋಡಿದ್ದರು. ಹಿತ್ತಲಿನಲ್ಲಿ ಒಂದು ಸಿಮೆಂಟಿನ ತೊಟ್ಟಿ ಕಟ್ಟಿದರು. ಅದರ ಪಕ್ಕದಲ್ಲಿ ಜಲ್ಲಿ ತುಂಬಿದ ಮಡಿಗಳು. ತೊಟ್ಟಿಯಲ್ಲಿ ಮೀನು, ಮಡಿಗಳಲ್ಲಿ ಮೆಂತ್ಯ, ಪಾಲಕ, ಸಬ್ಬಸಿಗೆ. ಮೀನಿನ ನೀರನ್ನು ಮಡಿಗೆ ಹರಿಸುವುದು, ಜಲ್ಲಿಯಲ್ಲಿ ಸೋಸಿ ಬಂದದ್ದನ್ನು ಕೊಡದಿಂದ ಮತ್ತೆ ತೊಟ್ಟಿಗೆ ಸುರಿಯುವುದು. ಮಣ್ಣು ಬೇಡ, ಗೊಬ್ಬರ ಬೇಡ, ನೀರೂ ಪೋಲಾಗುವುದಿಲ್ಲ. ಗೊಬ್ಬರದ ಚೀಲಗಳೊಳಗಿನ ಪ್ಲಾಸ್ಟಿಕ್ಕನ್ನು ಅವ್ವ ದಬ್ಬಣದಿಂದ ಹೊಲಿದು ಕೊಟ್ಟಳು. ಅದೇ ಮೇಲ್ಛಾವಣಿ, ಅದೇ ಗೋಡೆ. ಒಳಗೆ ಹೋದರೆ ಹಾಲಿನಂಥ ಬೆಳಕು. ಈ ಪದ್ಧತಿಗೆ ಈಗ ಏನೋ ಒಂದು ಹೆಸರಿದೆ ಎಂದು ಕೇಳಿದ್ದೇನೆ. ನಮಗೆ ಅದು ‘ಅಪ್ಪನ ಚಪ್ಪರ’ ಅಷ್ಟೇ. ಕುಂದಗೋಳದ ಸಂತೆಗೆ ಹೋಗುವ ಆ ಸೊಪ್ಪಿನಿಂದಲೇ ಮನೆ ನಡೆಯತೊಡಗಿತು.

ತೊಡಕಿದ್ದದ್ದು ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ನಮ್ಮದು ಮಾಂಸ ಮುಟ್ಟದ ಮನೆ. ತೊಟ್ಟಿಯಲ್ಲಿ ಮೀನು ಕಂಡ ದಿನ ಆಯಿ ಊಟ ಬಿಟ್ಟು ಕೂತಳು.

“ಯವ್ವಾ, ಇವು ತಿನ್ನಾಕಲ್ಲ, ಮಾರಾಕಲ್ಲ. ಇವೂ ಮನಿ ದನಾನ. ಸಗಣಿ ಹಾಕ್ತಾವ, ಹಾಲು ಹಿಂಡಂಗಿಲ್ಲ, ಅಷ್ಟ ಫರಕು” ಎಂದರು ಅಪ್ಪ.

“ದನಾ ಅಂತಿಯಲ್ಲ, ಹಂಗಾರ ದನದಂಗನ ಜ್ವಾಪಾನ ಮಾಡು” ಎಂದು ಆಯಿ ಕಟ್ಟಳೆ ಹಾಕಿದಳು. “ಈ ಹಿತ್ತಲದಾಗ ಒಂದ ಮೀನ ಸತ್ರೂ, ಉಳದಾವೆಲ್ಲಾ ಗುಡಿ ಹೊಂಡಕ್ಕ. ನಿನ್ನ ಚಪ್ಪರಾ ಬಿಚ್ಚೂದು. ಒಪ್ಪಿಗಿ ಐತೇನು?”

ಅಪ್ಪ ಒಪ್ಪಿದರು. ಆಯಿ ದಿನವೂ ಮುಂಜಾನೆ ಕೋಲೂರಿಕೊಂಡು ಬಂದು ತೊಟ್ಟಿಯನ್ನು ತಪಾಸಣೆ ಮಾಡುತ್ತಿದ್ದಳು. ಕೆಲವೇ ದಿನಗಳಲ್ಲಿ ಅವಳ ಕೋಲಿನ ಸಪ್ಪಳಕ್ಕೆ ಮೀನುಗಳು ಮೇಲೆ ಬರತೊಡಗಿದವು. ಸೆರಗಿನಲ್ಲಿ ರೊಟ್ಟಿಯ ಚೂರು ಇರುತ್ತಿತ್ತು ಎಂಬುದು ನಮಗೆಲ್ಲ ಗೊತ್ತಿತ್ತು. ಕೇಳಿದರೆ, “ನಾ ಯಾಕ ಹಾಕಲೇ ಆ ನಾರೂ ಮೀನಿಗಿ?” ಎಂದು ನನ್ನ ಮೇಲೆಯೇ ಏರಿ ಬರುತ್ತಿದ್ದಳು.

ಆ ವರ್ಷ ಥಂಡಿ ಜೋರಾಯಿತು. ನಮ್ಮ ಬಯಲಿನಲ್ಲಿ ಗಾಳಿಗೆ ಅಡ್ಡವೆಂಬುದಿಲ್ಲ. ಮೀನುಗಳು ತಳ ಹಿಡಿದು ಕೂತವು, ಮೇವು ಮುಟ್ಟಲಿಲ್ಲ. ಅಪ್ಪ ತೊಟ್ಟಿಯಲ್ಲಿ ಅಂಗೈ ಅದ್ದಿ, ಕಣ್ಣು ಮುಚ್ಚಿ, ‘ಇನ್ನೂ ಬೇಕು’ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೆಲಸವಿಲ್ಲದೆ ಮನೆಗೆ ಬಂದ ಮನುಷ್ಯನಿಗೆ ಆ ಚಪ್ಪರವೊಂದೇ ಊರಿನಲ್ಲಿ ತಲೆಯೆತ್ತಿ ನಡೆಯಲು ಉಳಿದಿದ್ದ ಆಸರೆ. ಅದು ಒಂದು ಮೀನಿನ ಉಸಿರಿನ ಮೇಲೆ ನಿಂತಿತ್ತು.

ಒಂದು ಮುಂಜಾನೆ ನಾನು ಹಿತ್ತಲಿಗೆ ಹೋದಾಗ ಆಯಿ ಕರಿಬೇವಿನ ಗಿಡದ ಬುಡದಲ್ಲಿ ಕೂತು ಕೋಲಿನಿಂದ ಮಣ್ಣು ಕೆದರುತ್ತಿದ್ದಳು. ಪಕ್ಕದಲ್ಲಿ ಮುತ್ತುಗದ ಎಲೆಯ ಮೇಲೆ ಒಂದು ಸತ್ತ ಮೀನು. ಬದುಕಿನಲ್ಲಿ ಮೀನು ಮುಟ್ಟದ ಕೈ ಅದನ್ನು ತೊಟ್ಟಿಯಿಂದ ಎತ್ತಿತ್ತು. ನನ್ನನ್ನು ಕಂಡವಳೇ, “ಕಣ್ಣ ಪಿಳಿಪಿಳಿ ಬಿಟಗೊಂಡ ಏನ ನೋಡ್ತಿ? ಮಣ್ಣ ಎಳಿ ಬಾ” ಎಂದಳು. ಮುಚ್ಚಿದೆವು. ಅವಳು ಕೈ ತೊಳೆದು, ವಿಭೂತಿ ಹಚ್ಚಿಕೊಂಡು, ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಮುಂದೆ ಹಾದು ಒಳಗೆ ಹೋದಳು. “ಎಲ್ಲಾ ಬರೋಬ್ಬರಿ ಅದಾವ” ಎಂದಷ್ಟೇ ಹೇಳಿದಳು.

ಅಪ್ಪನಿಗೆ ತಿಳಿದಿತ್ತು. ಕರಿಬೇವಿನ ಬುಡದ ಹೊಸ ಮಣ್ಣನ್ನು ಅವರು ಅಂಗೈಯಿಂದ ಮುಟ್ಟಿ ನೋಡುತ್ತಿದ್ದುದನ್ನು ಅದೇ ಸಂಜೆ ಕಂಡೆ. ನನಗೆ ಹೇಳಿದರು: “ನನ್ನ ಸಲುವಾಗಿ ನಿಮ್ಮ ಆಯಿ ತಾ ಕಟ್ಟಿದ ಮಾತ ತಾನ ಮುರದಾಳ. ಬೈದಿದ್ರ ಹಗರ ಆಗತಿತ್ತು. ಇನ್ನ ಮ್ಯಾಲ ಒಂದೂ ಸಾಯಬಾರದು.”

ಮರುದಿನ ಬಸಣ್ಣನ ಚಕ್ಕಡಿ ತೆಗೆದುಕೊಂಡು ಹುಬ್ಬಳ್ಳಿಗೆ ಹೋದರು. ಬಸಣ್ಣ ನಮ್ಮ ಬಾಜೂಮನೆಯವನು. ಕಸದಲ್ಲಿ ಬಿದ್ದಿದ್ದ ಹಲಗೆಗಳನ್ನು ಕೇಳಿದಾಗ, ಜಾಗ ಖಾಲಿಯಾದರೆ ಸಾಕೆಂದು ಮೇಲ್ವಿಚಾರಕರು ಕೊಟ್ಟುಬಿಟ್ಟರಂತೆ. ಚಕ್ಕಡಿ ಊರೊಳಗೆ ಬಂದಾಗ ಕಟ್ಟೆಯ ಮೇಲಿನ ಜನ ಎದ್ದು ನಿಂತರು.

“ಏನ ನಿಂಗಣ್ಣಾ, ಇಷ್ಟ ದೊಡ್ಡ ಕನ್ನಡಿ! ಎತ್ತಿಗಿ ಮಾರಿ ತೋರಸ್ತಿಯೇನು?”

“ಇಲ್ಲೋ, ಸೂರ್ಯಾಗ ತೋರಸ್ತೀನಿ. ತನ್ನ ಮಾರಿ ನೋಡಾಕ ಅಂವನ ಕೆಳಗ ಇಳದ ಬರ್ತಾನ.”

“ಬಂದ್ರ ಒಂದೀಟ ನಮ್ಮ ಹಿತ್ತಲಕ್ಕೂ ಕಳಸಪಾ, ನನ್ನ ಹೇಣ್ತಿ ಹಪ್ಪಳಾ ಒಣಗಸ್ಯಾಳ” ಎಂದ ಬಸಣ್ಣ.

ಕೊಳವೆಗಳಲ್ಲಿ ಕಟ್ಟಿದ್ದ ಸುಣ್ಣವನ್ನು ಬಿಡಿಸಲು ಅಪ್ಪ ಬಳಸಿದ್ದು ಹುಣಸೆಹುಳಿ. ಅವ್ವ ಹಿತ್ತಾಳೆಯ ಕೊಡ ಬೆಳಗುವುದನ್ನು ನೋಡಿ ಹೊಳೆದದ್ದಂತೆ. ಹುಳಿನೀರನ್ನು ಕೊಳವೆಗೆ ಸುರಿದು, ಬಾಯಿಗೆ ಬಟ್ಟೆ ತುರುಕಿ, ಹಗಲೆಲ್ಲ ಬಿಸಿಲಿಗಿಟ್ಟು, ಸಂಜೆ ತೆಗೆದರೆ ಬೆಳ್ಳಗೆ ರಾಡಿ ಇಳಿಯುತ್ತಿತ್ತು. ಆ ವರ್ಷ ನಮ್ಮ ಸಾರಿಗೆ ಹುಳಿಯಿರಲಿಲ್ಲ.

ಆದರೂ ಅವ್ವ ಉತ್ಸಾಹದಿಂದ ಓಡಾಡುತ್ತಿದ್ದಳು. ಮನೆಗೆ ಬಿಸಿನೀರು ಬರುತ್ತದೆಂದು ನಂಬಿ ಬಚ್ಚಲಿನ ಹಂಡೆಯನ್ನು ತಿಕ್ಕಿ ತೊಳೆದಿಟ್ಟಿದ್ದಳು. ಅಪ್ಪ ಹಲಗೆಗಳನ್ನು ಚಪ್ಪರದ ದಕ್ಷಿಣಕ್ಕೆ ನಿಲ್ಲಿಸಿದರು, ಮೇಲೊಂದು ಡ್ರಮ್ಮನ್ನು ಕೂರಿಸಿ, ಬಿಸಿ ಆರದಂತೆ ಜೋಳದ ರವದಿ, ಎಂದರೆ ಒಣಗಿದ ಗರಿ, ಸುತ್ತಿದರು. ಕೆರೆಯ ಸಿಹಿನೀರನ್ನು ಸೋಸಿ ಅದರಲ್ಲಿ ತುಂಬಿದರು. ಡ್ರಮ್ಮಿನಿಂದ ಹೊರಟ ಪೈಪು ಬಚ್ಚಲಿಗೆ ಹೋಗಲಿಲ್ಲ. ಮೀನಿನ ತೊಟ್ಟಿಯ ತಳದಲ್ಲಿ ಸುತ್ತು ಹಾಕಿ ಹಿಂದಿರುಗಿತು. ಹಗಲಿನ ಬಿಸಿಲು ಡ್ರಮ್ಮಿನಲ್ಲಿ ಕೂತು, ಇರುಳೆಲ್ಲ ಆ ಸುತ್ತಿನಲ್ಲಿ ಹರಿದು ತೊಟ್ಟಿಯನ್ನೂ ಚಪ್ಪರವನ್ನೂ ಬೆಚ್ಚಗಿಡಬೇಕು. ಇದಿಷ್ಟು ಅದರ ತಿರುಳು ಎಂದು ನಾನು ತಿಳಿದಿದ್ದೇನೆ.

ಅವ್ವ ಹಂಡೆಯ ಮುಂದೆ ನಿಂತು ಕೇಳಿದಳು: “ಹುಟ್ಟಿದಾರಭ್ಯ ಮಂದಿ ಮಕ್ಕಳಿಗಿ ನೀರ ಕಾಸಿದ್ರಿ. ಈಗ ಮೀನಿಗಿ ಕಾಸ್ತೀರಿ. ನಮ್ಮ ಸರತಿ ಯಾವಾಗ ಬರೂದು?”

“ಒಂದ ಕೊಡಾ ತಗದ್ರ ಒಂದ ಕೊಡಾ ತುಂಬಬೇಕು. ದಿನಾ ಕೆರಿ ನೀರ ಹೊರೂದು ಆಗಂಗಿಲ್ಲ, ಸವಳ ನೀರನ ಹಾಕಬೇಕು. ಮತ್ತ ಸುಣ್ಣಾ ಕಟ್ಟತೈತಿ.”

“ಅದನ್ನಲ್ಲ ನಾ ಕೇಳಿದ್ದು.”

ಅಪ್ಪ ಪೈಪಿನ ಮೇಲೆ ಅಂಗೈ ಇಟ್ಟರು. “ನೀವು ಒಲಿ ಮುಂದರ ಕೂಡ್ತೀರಿ. ಅವು ಎಲ್ಲಿ ಹೋಗಿ ಕೂಡಬೇಕು? ನಿಮ್ಮ ಸರತಿ ಬರತೈತಿ, ತಡೀ.”

ಆ ಚಳಿಗಾಲ ಮತ್ತೆ ಒಂದು ಮೀನೂ ಸಾಯಲಿಲ್ಲ, ಮುಂದಿನವುಗಳಲ್ಲೂ ಇಲ್ಲ. ಊರಿನ ಹಿತ್ತಲುಗಳಲ್ಲಿ ಸೊಪ್ಪು ಮುದುಡಿದಾಗಲೂ ನಮ್ಮ ಪಾಲಕ ಅಗಲವಾಗಿ ನಿಂತಿರುತ್ತಿತ್ತು. ಆದರೆ ಅದೆಲ್ಲವೂ ಅಪ್ಪನ ಮೈಮೇಲೆ ನಡೆಯುತ್ತಿತ್ತು. ಬೆಳಿಗ್ಗೆ ಗಾಜಿನ ಮೇಲಿನ ಎರೆಮಣ್ಣಿನ ಧೂಳು ಒರೆಸಬೇಕು, ಸಂಜೆ ಅದರ ಮೇಲೆ ಗೋಣಿತಟ್ಟು ಹೊದಿಸಬೇಕು, ದಿನವಿಡೀ ಕೊಡದಿಂದ ನೀರು ಎತ್ತಿ ಸುರಿಯಬೇಕು. ಅವರು ಹೇಳುತ್ತಿದ್ದ ಮಾತು: “ಸೂರ್ಯಾ ಬಿಟ್ಟಿ ದುಡೀತಾನ. ಅಂವನ ಸಾಮಾನು ಬಿಟ್ಟಿ ದುಡಿಯಂಗಿಲ್ಲ.” ಎದೆಯಲ್ಲಿ ಹಳೆಯ ಹೊಗೆ ಕೂತಿತ್ತು, ಕೆಮ್ಮು ಬಿಡಲಿಲ್ಲ. ಬಿಸಿನೀರಿನಲ್ಲಿ ಮೈ ತೊಳೆಯಿರಿ ಎಂದು ವೈದ್ಯರು ಹೇಳಿದಾಗ, “ಹೌದ್ರಿ” ಎಂದು ಬಂದು ತಣ್ಣೀರನ್ನೇ ಸುರಿದುಕೊಂಡರು.

ಅಷ್ಟರಲ್ಲಿ ನನಗೆ ಮಿಶ್ರಿಕೋಟಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಕೊನೆಯ ಸಲ ಅವರನ್ನು ಕಂಡದ್ದು ಚಪ್ಪರದಲ್ಲಿಯೇ. ಕಂಬಳಿ ಹೊದ್ದು ತೊಟ್ಟಿಯ ಅಂಚಿನಲ್ಲಿ ಕೂತಿದ್ದರು. ಹೇಗಿದ್ದೀ ಎಂದು ಕೇಳಲಿಲ್ಲ.

“ಬಾ ಯವ್ವಾ. ಮೊದಲ ಈ ಪೈಪ್ ಮುಟ್ಟಿ ಹೇಳು.”

ಮುಟ್ಟಿದೆ. “ಉಗುರಬೆಚ್ಚಗ ಐತಿ, ಯಪ್ಪಾ.”

“ಖರೇನ ಹೇಳು. ನನ್ನ ಕೈಗಿ ಏನೂ ತಿಳೀವಲ್ದು. ನಿಮ್ಮ ಅವ್ವ ನನ್ನ ಸಮಾಧಾನಕ್ಕ ಸುಡತೈತಿ ಸುಡತೈತಿ ಅಂತಾಳ.”

“ಸುಡೂವಂಗ ಇಲ್ಲ. ಬೆಚ್ಚಗ ಐತಿ.”

ಅವರು ನನ್ನ ಕೈಯನ್ನು ಪೈಪಿನಿಂದ ಎತ್ತಿ ತಮ್ಮ ಗಲ್ಲಕ್ಕೆ ಒತ್ತಿಕೊಂಡರು. ಕಣ್ಣು ಮುಚ್ಚಿದರು. “ಹಾಂ, ಗಲ್ಲಕ್ಕ ಇನ್ನೂ ತಿಳೀತೈತಿ. ಸಾಕು. ಮೀನಿಗಿ ಇಷ್ಟ ಬೇಕು.”

ಒಳಗಿನಿಂದ ಅವ್ವ ಕೂಗಿದಳು: “ಮಗಳು ಥಂಡ್ಯಾಗ ಬಸ್ಸಿಂದ ಇಳದ ಬಂದಾಳ. ಆಕಿಗರ ಒಂದ ಚರಗಿ ಬಿಸಿನೀರ ಕೊಡ್ರಿ!”

“ಮುಂದಿನ ಥಂಡಿಗಿ ನಿಮ್ಮ ಸರತಿ” ಎಂದು ಅಪ್ಪ ಅಲ್ಲಿಂದಲೇ ಹೇಳಿದರು. “ಇನ್ನೊಂದ ಡ್ರಮ್ ತರೂಣು.” ಆ ಮಾತು ಒಳಗೆ ಕೇಳುವಷ್ಟು ಗಟ್ಟಿಯಾಗಿರಲಿಲ್ಲ. ನಾನೇ ಹೋಗಿ ಅವ್ವನಿಗೆ ಹೇಳಿದೆ.

ಸಂಕ್ರಾಂತಿ ಕಳೆದು, ಥಂಡಿ ಮುಗಿಯುವುದಕ್ಕೆ ಮೊದಲೇ ಅಪ್ಪ ತೀರಿಕೊಂಡರು.

ಕೊಡದಿಂದ ನೀರು ಎತ್ತುವವರು ಮನೆಯಲ್ಲಿ ಉಳಿಯಲಿಲ್ಲ. ಬಿಸಿಲು ಏರಿದ ಮೇಲೆ ಮೀನುಗಳನ್ನು ಗುಡಿಯ ಹೊಂಡಕ್ಕೆ ಬಿಡುವುದೆಂದು ಆಯಿಯೇ ನಿರ್ಧರಿಸಿದಳು. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಬಸಣ್ಣ ಬಕೆಟ್ಟುಗಳಲ್ಲಿ ಒಯ್ಯುವಾಗ ಪ್ರತಿಯೊಂದನ್ನೂ ನಿಲ್ಲಿಸಿ ಬಗ್ಗಿ ನೋಡಿದಳು. ಕಡೆಯ ಬಕೆಟ್ಟು ಬರಿದಾದ ಮೇಲೆ, “ನೋಡಪಾ ಬಸಣ್ಣಾ, ನನ್ನ ಮಗನ ಕೈಯಾಗ ಒಂದೂ ಸತ್ತಿಲ್ಲ” ಎಂದಳು. ಕರಿಬೇವಿನ ಗಿಡದ ಮಾತನ್ನು ನಾವು ಯಾರೂ ಆಡಲಿಲ್ಲ.

ಮುಂದಿನ ಥಂಡಿಗೆ ಬಸಣ್ಣ ಪೈಪನ್ನು ಬಚ್ಚಲಿನ ಕಡೆಗೆ ತಿರುಗಿಸಿ ಕೊಟ್ಟ. ವರ್ಷಕ್ಕೊಮ್ಮೆ ಅವ್ವ ಹುಣಸೆ ನೆನೆಸಿ ಕೊಳವೆಗಳಿಗೆ ಸುರಿಯುತ್ತಾಳೆ. ಚಪ್ಪರವನ್ನು ಬಿಚ್ಚಿದೆವು, ಸೊಪ್ಪನ್ನು ಈಗ ಸಂತೆಯಿಂದ ಕೊಂಡು ತರುತ್ತೇವೆ, ಮನೆ ನನ್ನ ಸಂಬಳದಲ್ಲಿ ನಡೆಯುತ್ತದೆ. ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಚಳಿಗಾಲದಲ್ಲಿ ಯಾರೂ ತಣ್ಣೀರಿನ ಸ್ನಾನ ಮಾಡಿಲ್ಲ.