ಬಾಡಿಗೆಯವರು ಒಪ್ಪಮಾಡಿದ ಮನೆ

ಕುಷ್ಟಗಿಯ ನಮ್ಮ ಮನೆ ಕೊಳ್ಳಲು ಬಂದವರೆಲ್ಲ ಕತ್ತಲೆ ಎಂದು ತಿರುಗಿ ಹೋಗುತ್ತಿದ್ದರು. ಅಲ್ಲಿ ಬಾಡಿಗೆಗಿದ್ದ, ಬಟ್ಟೆ ಹೊಲಿಯುವ ಹೆಂಗಸಿಗೆ ಬೆಳಕಿಗೆ ಅಡ್ಡವಿದ್ದ ಸಾಮಾನು ಸರಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮನೆ ಮಾರಿದರೆ ಅವರೇ ಬಿಡಬೇಕಿತ್ತು. ಮುಂದಿನ ಸಲ ಕೊಪ್ಪಳದಿಂದ ಹೋದಾಗ ನಡುಮನೆ ಬೆಳಕಾಗಿತ್ತು. ಕಿಟಕಿಗೆ ಅಡ್ಡವಿದ್ದ ಬಟ್ಟೆಗಂಟುಗಳನ್ನು ಅವರು ತಮ್ಮ ತಂಗಿಯ ಮನೆಗೆ ಸಾಗಿಸಿ, ತಾವೇ ಹೊಲಿದ ತಿಳಿಹಳದಿ ಪರದೆ ಹಾಕಿದ್ದರು.

“ನಿಮಗs ತ್ರಾಸ ಆಗೋ ಕೆಲಸ ಯಾಕ ಮಾಡಿದ್ರಿ, ಆಪಾ?” ಎಂದು ಆ ಅಕ್ಕನನ್ನು ಕೇಳಿದೆ.

“ನನ್ನ ಮಕ್ಕಳು ನಡ್ಯಾಕ ಕಲ್ತ ಮನಿರಿ ಇದು. ಮಂದಿ ಕತ್ತಲಿ ಅಂತ ಹೆಸರಿಡೂದು ಕೇಳಾಕ ಆಗಲಿಲ್ಲ.”

ಅದೇ ವಾರ ಮನೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಗೆ ಹೋಯಿತು. ಬೇರೆ ಮನೆ ಸಿಗುವತನಕ ಅವರನ್ನು ಬಿಡಿಸಬಾರದೆಂದು ಕೊಂಡವರಿಂದ ಮಾತು ತೆಗೆದುಕೊಂಡೆ. ರಜೆ ಸಿಕ್ಕಾಗಲೆಲ್ಲ ಅವರ ಜೊತೆ ಓಣಿ ಓಣಿ ತಿರುಗಿ ಹುಡುಕಿದೆ. ಕೊನೆಗೆ ಬಸ್ ನಿಲ್ದಾಣದ ಹಿಂದೆ ಗಾಳಿ ಬೆಳಕಿರುವ ಮನೆಯೊಂದು ಸಿಕ್ಕಿತು.