ಕದ್ದರೇ ಚಿಗುರುವ ಗಿಡ

ವರಮಹಾಲಕ್ಷ್ಮಿ ಹಬ್ಬದ ಮಾರನೇ ಬೆಳಿಗ್ಗೆ ಬಾಗಿಲು ತೆಗೆದರೆ, ನನ್ನ ಮನಿ ಪ್ಲಾಂಟಿನ ತಲೆ ಬೋಳಾಗಿತ್ತು.

ವರಾಂಡದ ಗ್ರಿಲ್ಲಿಗೆ ತೂಗುಹಾಕಿದ್ದ ಕುಂಡದಿಂದ ಬಳ್ಳಿ ನೆಲ ಮುಟ್ಟುವಷ್ಟು ಇಳಿದಿತ್ತು. ಹಿಂದಿನ ಸಂಜೆ ಮಂಡ್ಯದ ನಮ್ಮ ಬೀದಿಯ ಹೆಂಗಸರೆಲ್ಲ ಕುಂಕುಮಕ್ಕೆ ಬಂದು ಹೋಗಿದ್ದರು. ನಾನು ಒಬ್ಬೊಬ್ಬರಿಗೂ ಕೋಸಂಬರಿ ಕೊಟ್ಟೆ, ಬ್ಲೌಸ್ ಪೀಸ್ ಕೊಟ್ಟೆ, ತಾಂಬೂಲದ ಕವರು ಕೊಟ್ಟೆ. ಅದೇ ಕವರಿನೊಳಗೆ ನನ್ನ ಗಿಡ ಮುರಿದು ಹಾಕಿಕೊಂಡು, "ಬತ್ತೀವಿ ಕಣಮ್ಮ" ಎಂದು ನಗುನಗುತ್ತಾ ಹೋಗಿದ್ದಾರೆ!

ಅದೂ ಎಂಥ ಜಾಣತನ! ಬೇರೊಡೆಯುವ ಗೆಣ್ಣು ನೋಡಿ ನೋಡಿ ಮುರಿದಿದ್ದಾರೆ. (ಕಬ್ಬಿನ ಸೀಮೆಯವರಿಗೆ ಗೆಣ್ಣು ಯಾವುದು ಅಂತ ಬೇರೆ ಹೇಳಿಕೊಡಬೇಕೆ?) ಬಿಳಿ ಪಟ್ಟೆ ಇದ್ದ ಕುಡಿಯೆಲ್ಲ ಮಾಯ. ಉಳಿದಿದ್ದು ಬರೀ ಹಸಿರು ಎಲೆಯ ಎರಡು ಬಳ್ಳಿ.

ಹಸಿರಾದರೇನು, ಗಿಡ ತಾನೆ ಅಂದಿರಾ? ಬಿಳಿ ಬೆರೆತ ಮನಿ ಪ್ಲಾಂಟು ಭಾರೀ ನಾಜೂಕು. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಸುಡುತ್ತದೆ, ಕತ್ತಲಲ್ಲಿ ಇಟ್ಟರೆ ಬಿಳಿ ಮಾಸುತ್ತದೆ, ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ. ಬರೀ ಹಸಿರಿನ ಕುಡಿ ಬಂದರೆ ಕೂಡಲೇ ಚಿವುಟಬೇಕು, ಇಲ್ಲದಿದ್ದರೆ ಅದೇ ಇಡೀ ಕುಂಡವನ್ನು ನುಂಗಿಹಾಕುತ್ತದೆ. ಪಟ್ಟೆಯಿಲ್ಲದ ದಂಟು ನೆಟ್ಟು ಬಿಳಿ ಎಲೆಗೆ ಕಾದು ಕೂರುವುದು ದಂಡ.

ನನ್ನ ಹೊಟ್ಟೆ ಉರಿದದ್ದು ಬರೀ ಅಂದಕ್ಕಲ್ಲ. ಆ ಗಿಡ ನನ್ನ ನಾದಿನಿ ಸಾವಿತ್ರಿಯದು. ಹಲಗೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ಕೊಟ್ಟಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಅವಳ ಮನೆಗೆ ಬಣ್ಣ ಹೊಡೆಯಲು ಬಂದವರು ಅಲ್ಲಿದ್ದ ಬಳ್ಳಿಯನ್ನು ಕಿತ್ತೆಸೆದರು. ಅವಳ ಮಗಳು ನಂದಿನಿ ಅವತ್ತು ಫೋನಿನಲ್ಲಿ ಅತ್ತಿದ್ದಳು. "ಅಳಬೇಡ, ನಿನ್ನ ಗೃಹಪ್ರವೇಶಕ್ಕೆ ನಿಮ್ಮವ್ವನ ಗಿಡ ನಾನೇ ತರ್ತೀನಿ" ಎಂದು ಮಾತು ಕೊಟ್ಟಿದ್ದೆ. ಗೃಹಪ್ರವೇಶ ಶ್ರಾವಣ ಮುಗಿಯುವುದರೊಳಗೆ, ಮದ್ದೂರಿನಲ್ಲಿ.

ಈಗ ಏನು ಹಿಡಿದುಕೊಂಡು ಹೋಗಲಿ? ಪಟ್ಟೆಯಿಲ್ಲದ ಆ ಎರಡು ಬಳ್ಳಿಯನ್ನೇ?

ಗೃಹಪ್ರವೇಶದ ಹಿಂದಿನ ದಿನ, ಎದುರುಮನೆ ಜಯಮ್ಮನವರ ಕಿಟಕಿಯಲ್ಲಿ ಗಾಜಿನ ಬಾಟಲಿ ಕಣ್ಣಿಗೆ ಬಿತ್ತು. ಬಿಳಿ ಪಟ್ಟೆಯ ಕುಡಿ, ಕೆಳಗೆ ನೀರಲ್ಲಿ ಬೇರು. ನೆಟ್ಟಗೆ ಹೋಗಿ ಕೇಳಿದೆ. ಹಿರಿಯರು, ತಡವರಿಸಬಹುದು ಅಂದುಕೊಂಡಿದ್ದೆ. ಎಲ್ಲಿ ಬಂತು!

"ಕೇಳಿದ್ರೆ ನೀನು ಕೊಡ್ತಿದ್ದೆ ಕಣಮ್ಮ, ನಂಗೊತ್ತಿಲ್ವಾ? ಆದ್ರೆ ಮನಿ ಪ್ಲಾಂಟ್ನ ಕೇಳಿ ತಂದ್ರೆ ಚಿಗುರಾಕಿಲ್ಲ. ಕದ್ದೇ ತರ್ಬೇಕು."

ಸಾವಿತ್ರಿ ಕೈಯಾರೆ ಕೊಟ್ಟದ್ದು ನಮ್ಮನೆಯಲ್ಲಿ ನೆಲ ಮುಟ್ಟುವವರೆಗೆ ಹಬ್ಬಿತ್ತಲ್ಲ, ಅದು ಯಾವ ಕಳ್ಳತನದ ಫಲ ಎಂದು ಕೇಳಿದೆ. ನಾಳೆಯ ವಿಷಯ ಹೇಳಿದೆ. ಸತ್ತವಳ ಗಿಡ, ಮಗಳು ಕಾಯುತ್ತಿದ್ದಾಳೆ, ಒಂದೇ ಒಂದು ಕುಡಿ ವಾಪಸು ಕೊಡಿ ಎಂದೆ. ಪಾಪ, ಅವರ ಕಣ್ಣಲ್ಲೂ ನೀರು ಬಂತು. ಆದರೆ ಕೈ ಮಾತ್ರ ಬರಲಿಲ್ಲ.

"ಕೊಟ್ರೆ ಮನೆ ಲಕ್ಷ್ಮಿ ಒಂಟೋಯ್ತಾಳೆ ಕಣಮ್ಮ. ನಾನು ಒಳಿಕ್ಕೋಯ್ತೀನಿ. ನೀನೇನಾರ ಮಾಡ್ಕೊ, ನಾನು ನೋಡಾಕಿಲ್ಲ."

ಅಂದರೆ? ನನ್ನ ಗಿಡವನ್ನು ನಾನೇ ಕದಿಯಬೇಕು! ಮೈಯೆಲ್ಲ ಉರಿದುಹೋಯಿತು. ಇವರು ಕೆಟ್ಟವರಲ್ಲ, ಸ್ವಾಮಿ. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದವರು. ಸಕ್ಕರೆ ಸಾಲ ಒಯ್ದರೆ ಲೋಟದ ತುಂಬ ವಾಪಸು ಕೊಡುವವರು. ಗಿಡ, ಹೂವು, ಕರಿಬೇವಿನ ವಿಷಯಕ್ಕೆ ಮಾತ್ರ ನಮ್ಮ ಜನಕ್ಕೆ ಕಳ್ಳತನ ಅನ್ನುವ ಪದವೇ ನೆನಪಾಗುವುದಿಲ್ಲ. ಬೆಳಗಿನ ವಾಕಿಂಗಿಗೆ ಕವರು ಹಿಡಿದು ಹೊರಟು, ಪಕ್ಕದವರ ಕಾಂಪೌಂಡಿನ ದಾಸವಾಳ ಕಿತ್ತು ದೇವರಿಗೆ ಏರಿಸುವವರು ನಿಮ್ಮ ಬೀದಿಯಲ್ಲಿಲ್ಲವೇ? ಸಾಕಿದವರಿಗೆ ಅದು ಏನು, ಯಾರ ನೆನಪು, ಅಂತ ಒಂದು ಗಳಿಗೆಯಾದರೂ ಯೋಚಿಸುತ್ತಾರಾ?

ಬಾಟಲಿಯನ್ನು ಕೈಗೆತ್ತಿಕೊಂಡೆ. ಇಡೀ ಬೀದಿಗೆ ಕೇಳುವ ಹಾಗೆ, "ಜಯಮ್ಮೋರೇ, ಸಾವಿತ್ರಿ ಗಿಡ ತಗೊಂಡು ಹೋಗ್ತಿದೀನಿ" ಎಂದು ಕೂಗಿದೆ. ಒಳಗಿನಿಂದ ನಲ್ಲಿ ತಿರುಗಿಸಿದ ಸದ್ದು ಬಂತು.

ಮರುದಿನ ಮದ್ದೂರಿನಲ್ಲಿ ನಂದಿನಿ ಆ ಪುಟ್ಟ ಕುಡಿಯನ್ನು ಕುಂಡಕ್ಕೆ ಇಟ್ಟಳು. ಅವಳವ್ವ ಮಾಡುತ್ತಿದ್ದ ಹಾಗೇ ಸೆರಗಿನ ತುದಿಯಿಂದ ಎಲೆ ಒರೆಸಿದಳು. "ಚಿಗುರಲಿ ಅತ್ತೆ, ಬಂದೋರಿಗೆಲ್ಲ ಒಂದೊಂದು ಕೊಡ್ತೀನಿ" ಎಂದಳು.

ಕೋಪ ಇನ್ನೂ ಇಳಿದಿಲ್ಲ. ಒಂದು ಕುಡಿ ಕೊಟ್ಟರೆ ಮನೆ ಬಿಟ್ಟು ಹೋಗುವ ಆ ಲಕ್ಷ್ಮಿ, ಕದ್ದು ತಂದವರ ಮನೆಗೆ ಯಾವ ಮುಖ ನೋಡಿ ಬರುತ್ತಾಳೆ?