ನಂಜಮ್ಮ ದೊಡ್ಡಮ್ಮ ಮತ್ತು ಮಾವಿನ ಬಂದಳಿಕೆ

ಹೊಟ್ಟೆಕಿಚ್ಚಾಗಿದೆ ಎಂದು ಎದುರಿಗೇ ಹೇಳಿಬಿಡುವವರು ಯಾರಾದರೂ ಇದ್ದರೆ ಅದು ನಮ್ಮ ನಂಜಮ್ಮ ದೊಡ್ಡಮ್ಮ ಒಬ್ಬಳೇ. ಬೀದಿಯಲ್ಲಿ ಯಾರಾದರೂ ಹೊಸ ಸೀರೆ ಉಟ್ಟು ಬಂದರೆ ಹತ್ತಿರ ಹೋಗಿ, ಸೆರಗನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ನಲ್ಲಾ ಐತೆ, ಚೆಂದಾಗೈತೆ ಕಣೇ. ನಂಗೆ ಹೊಟ್ಟೆ ಉರೀತಾ ಐತೆ. ಒಂದು ಲೋಟ ಮಜ್ಜಿಗೆ ಕೊಡು” ಅನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ. ಮಜ್ಜಿಗೆ ಕುಡಿದು, ಹೆಗಲಿಗೆ ತಾಗುವ ತಂಡಟ್ಟಿ ಓಲೆ ಅಲ್ಲಾಡಿಸುತ್ತ ಹೊರಟುಬಿಡುತ್ತಿದ್ದಳು.

ಕೊಯಮತ್ತೂರಿನ ಗಿರಣಿಗಳಿಗೆ ಕರೆಂಟು ಬಂದ ಹೊಸತು. ನಾವಿದ್ದದ್ದು ಮಡತ್ತುಕುಳದಲ್ಲಿ, ಅಮರಾವತಿ ಹೊಳೆಯ ಕಡೆಗಿನ ತೋಟದ ಮನೆಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ದೊಡ್ಡಪ್ಪನೂ ಅಪ್ಪನೂ ಪಾಲಾದಾಗ ನಾನು ಲಂಗ ಉಡುವ ಹುಡುಗಿ. ಬಾವಿ ಇಬ್ಬರಿಗೂ ಸೇರಿತು. ನಡುವೆ ಕಳ್ಳಿಬೇಲಿ ಎದ್ದಿತು. ದೊಡ್ಡಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟು, ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತು ಬೆಳೆಸಿದ ಮಾವಿನಮರ ಮಾತ್ರ ಬೇಲಿಯ ಈಚೆಗೆ, ನಮ್ಮ ಪಾಲಿಗೆ ಬಂತು.

ಅಲ್ಲಿಂದಾಚೆ ಅವಳ ಹೊಟ್ಟೆಕಿಚ್ಚು ಮಜ್ಜಿಗೆಗೆ ತಣಿಯುವಂಥದ್ದಾಗಿ ಉಳಿಯಲಿಲ್ಲ. ಬೆಳಗಾದರೆ ಬೇಲಿಯ ಹತ್ತಿರ ನಿಂತು ಮರ ನೋಡುವಳು. ಅಮ್ಮ ಬುಡಕ್ಕೆ ನೀರು ಹಾಕಿದರೆ, “ಬುಡಕ್ಕಲ್ಲ ಲಚ್ಚುಮಿ, ನೆರಳಿನ ಅಂಚು ಬೀಳೋ ತಾವಿಗೆ ಹಾಕು” ಎಂದು ಕೂಗುವಳು. ಅಮ್ಮ ಹಟಕ್ಕೆ ಬುಡಕ್ಕೇ ಹಾಕುತ್ತಿದ್ದಳು.

ಒಂದು ವರ್ಷ ಮರದ ಎತ್ತರದ ಕೊಂಬೆಯ ಮೇಲೆ ದಪ್ಪ ಎಲೆಯ ಬೇರೆಯೇ ಒಂದು ಪೊದೆ ಕಾಣಿಸಿತು. ಅದರ ತುಂಬ ಕೆಂಡದ ಬಣ್ಣದ, ಕೊಳವೆಯಂಥ ಹೂ. ಹೂವಿನ ಸುತ್ತ ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಗಳ ಗದ್ದಲ. ಅಮ್ಮ ಪೇಟೆಯಲ್ಲಿ ಬೆಳೆದವಳು. ಅವಳಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ, “ಅವರ ಕೈಲಿದ್ದಾಗ ಇಂಥ ಹೂ ಬಿಟ್ಟಿತ್ತಾ ಕೇಳಿ” ಎಂದು ತೋರಿಸಿದಳು. ಬೇಲಿಯಾಚೆ ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಮಾತೂ ಆಡಲಿಲ್ಲ. ಸದಾ ಬಾಯಿ ಹಾಕುವವಳು ಸುಮ್ಮನಿದ್ದದ್ದು ನನಗೆ ಸೋಜಿಗವೆನಿಸಿತು.

ಮುಂದಿನ ಬೇಸಿಗೆಗೆ ಆ ಪೊದೆಯ ಆಚೆಗಿನ ಕೊಂಬೆ ಒಣಗಿತು. ಬೇರೆ ಕೊಂಬೆಗಳ ಮೇಲೂ ಪೊದೆಗಳೆದ್ದವು. ಕಾಯಿ ಕಡಿಮೆಯಾಯಿತು. ಅಪ್ಪ ದೋಟಿಯಿಂದ ಅವನ್ನು ಕಿತ್ತು ಹಾಕಿದರೆ ಮಳೆಗಾಲಕ್ಕೆ ಅದೇ ಜಾಗದಲ್ಲಿ ಇನ್ನೂ ದಟ್ಟವಾಗಿ ಚಿಗುರಿದವು. ಅಮ್ಮ ಮರಕ್ಕೆ ಬೂದುಗುಂಬಳ ಕಟ್ಟಿ, “ಬೇಲಿಯಾಚೆ ಕಣ್ಣು ತಗುಲಿತು” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆ ಮಾತು ಮುಟ್ಟಬೇಕಾದವರಿಗೆ ಮುಟ್ಟಿತು. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಕತ್ತಿ ಹಿಡಿದು ನಮ್ಮ ಅಂಗಳಕ್ಕೆ ಬಂದಳು.

“ನನ್ನ ಹೊಟ್ಟೆಕಿಚ್ಚಿಗೆ ಮರ ಒಣಗಿಸೋ ಶಕ್ತಿ ಇದ್ದಿದ್ರೆ ಈ ಬೇಲಿ ಯಾವಾಗಲೋ ಸುಟ್ಟುಹೋಗ್ತಿತ್ತು, ಲಚ್ಚುಮಿ. ಇದು ಬಂದಳಿಕೆ. ತಮಿಳರು ಪುಲ್ಲುರುವಿ ಅಂತಾರಲ್ಲ, ಅದೇ. ಆ ಸಣ್ಣ ಹಕ್ಕಿ ಇದರ ಹಣ್ಣು ತಿನ್ನುತ್ತೆ. ಬೀಜ ಅಂಟು ಅಂಟು, ಬಿಡಲ್ಲ. ಹಕ್ಕಿ ಅದನ್ನ ಕೊಂಬೆಗೆ ಉಜ್ಜುತ್ತೆ. ಅಲ್ಲೇ ಮೊಳೆತು ಮರದೊಳಕ್ಕೆ ಬೇರು ಇಳಿಸುತ್ತೆ. ಮಣ್ಣೇ ಬೇಡ ಅದಕ್ಕೆ, ಮರ ಎತ್ತಿದ ನೀರನ್ನೇ ಕುಡೀತದೆ. ಮೇಲೆ ಕಿತ್ತರೆ ಏನು ಬಂತು? ಅದು ಕೂತಿರೋ ಗಂಟಿನ ಕೆಳಗೆ ಕೊಂಬೇನೇ ಕಡೀಬೇಕು.”

ಅಮ್ಮ ಅವಳನ್ನೇ ದಿಟ್ಟಿಸಿದಳು. “ಅಂದ್ರೆ, ಇಷ್ಟು ದಿನ ನಿಮಗೆ ಗೊತ್ತಿತ್ತಾ ಅಕ್ಕಾ?”

“ಮೊದಲನೇ ಹೂ ಬಿಟ್ಟಾಗಲೇ ಗೊತ್ತಿತ್ತು.”

“ಗೊತ್ತಿದ್ದೂ ಬಾಯಿ ಬಿಡಲಿಲ್ವಾ?”

“ಬಿಡಲಿಲ್ಲ. ನಂಗಿಲ್ಲದ ಮರ ನಿಂಗೂ ಬೇಡ ಅನ್ನಿಸ್ತು. ಒಣಗಲಿ ಅಂತಾನೇ ನೋಡ್ತಿದ್ದೆ.” ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. “ಒಣಗೋಕೆ ಶುರುವಾದ ಮೇಲೆ ನೋಡಕ್ಕಾಗಲಿಲ್ಲ.”

ಅಪ್ಪ ಆಳು ಕರೆಸುತ್ತೇನೆಂದರೂ ಕೇಳಲಿಲ್ಲ. ತಲೆ ನರೆತ ಹೆಂಗಸು ಕಚ್ಚೆ ಹಾಕಿ ತಾನೇ ಮರ ಹತ್ತಿದಳು. ಒಂದೊಂದು ದೊಡ್ಡ ಕೊಂಬೆ ಬಿದ್ದಾಗಲೂ ಕೆಳಗೆ ಅಮ್ಮ, “ಅಯ್ಯೋ, ಹಗೆ ತೀರಿಸ್ಕೊಳ್ತಾ ಅವಳೆ!” ಎಂದು ಅಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮರ ಅರ್ಧವೂ ಉಳಿದಿರಲಿಲ್ಲ. ಇಳಿದು ಬಂದ ದೊಡ್ಡಮ್ಮನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅರಿಶಿನ ತರಲು ನಾನು ಒಳಗೆ ಓಡಿದೆ. ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಮರ ಚೇತರಿಸಿಕೊಳ್ಳಲು ಕೆಲವು ವರ್ಷಗಳೇ ಹಿಡಿದವು. ಅಷ್ಟೂ ಕಾಲ ಅಮ್ಮ ಅವಳೊಂದಿಗೆ ಮಾತು ಬಿಟ್ಟಿದ್ದಳು. ಕೊನೆಗೊಂದು ಬೇಸಿಗೆ ಎಲೆ ಕಾಣದಷ್ಟು ಕಾಯಿ ಬಿಟ್ಟಾಗ ಊರೆಲ್ಲ, “ನಂಜಮ್ಮನ ಕೈಗುಣ” ಎಂದಿತು. ಈಗ ಹೊಟ್ಟೆಕಿಚ್ಚು ಪಡುವ ಸರದಿ ಅಮ್ಮನದು. “ನೀರು ಹಾಕೋಳು ನಾನು, ಹೆಸರು ಮಾತ್ರ ಅವರದು” ಎಂದು ಪಾತ್ರೆ ಕುಕ್ಕುತ್ತಿದ್ದಳು.

ಅಷ್ಟರಲ್ಲಿ ದೊಡ್ಡಪ್ಪ ತೀರಿಹೋಗಿ, ದೊಡ್ಡಮ್ಮ ಕಾಯಿಲೆ ಬಿದ್ದು ತೊಂಡಾಮುತ್ತೂರಿನ ಮಗಳ ಮನೆ ಸೇರಿದ್ದಳು. ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು ಸುದ್ದಿ ಬಂದಾಗ ಅಮ್ಮ ಯಾರಿಗೂ ಹೇಳದೆ ಹಣ್ಣು ಕೀಳಿಸಿ, ನನ್ನನ್ನೂ ಕರೆದುಕೊಂಡು ಹೊರಟಳು.

ದೊಡ್ಡಮ್ಮ ಬಡವಾಗಿದ್ದಳು. ಅಮ್ಮ ಹತ್ತಿರ ಕೂತು ಹಣ್ಣು ಹೆಚ್ಚಿ ಕೈಗಿಟ್ಟಳು. ಅವಳು ನಿಧಾನವಾಗಿ ಚೀಪಿದಳು.

“ಯಾವ ತೋಟದ್ದು?”

ಅಮ್ಮ ತಲೆ ತಗ್ಗಿಸಿದಳು. “ನಿಮ್ಮ ಮರದ್ದೇ ಅಕ್ಕಾ.”

ದೊಡ್ಡಮ್ಮ ಚೀಪಿದ ಸಿಪ್ಪೆಯನ್ನು ಬದಿಗಿಟ್ಟಳು. “ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?” ಎಂದು, ಇನ್ನೊಂದು ಹೋಳಿನತ್ತ ಕೈ ಚಾಚಿದಳು.

ಆಷಾಢದ, ತಮಿಳರ ಆಡಿ ತಿಂಗಳ ಗಾಳಿ ಶುರುವಾಗುವ ಮೊದಲೇ ಅವಳು ಹೋಗಿಬಿಟ್ಟಳು.